ಏಳನೇ ನಂಬರಿನ ಕೋಣ

ಕಾನ್ ಥೋ ಊರಿನಲ್ಲಿ, ಕಾಯ್ ಖೆ ಕಾಲುವೆಯ ಎರಡು ದಡ ಸೇರಿ, ಗಂಟೆ ಲೆಕ್ಕದಲ್ಲಿ ಕಂಪ್ಯೂಟರ್ ಆಟ ಆಡಿಸುವ ನಲವತ್ತು ಗೇಮ್ ಅಂಗಡಿಗಳಿವೆ. ಯಾವ ಅಂಗಡಿಯ ಕಂಪ್ಯೂಟರ್ ಕೆಮ್ಮಿದರೂ ಮೊದಲ ಕರೆ ಹೋಗುವುದು ಲುವಾಗೆ. ನಲವತ್ತೊಂದರ ಹೆಂಗಸು, ಗಿಡ್ಡ ಮೈಕಟ್ಟು, ಸ್ಕೂಟರಿನ ಮುಂದೆ ಸದಾ ಸ್ಕ್ರೂಡ್ರೈವರ್‌ಗಳ ಚೀಲ. ಅವಳ ಅಪ್ಪ ದೋಣಿ ಇಂಜಿನ್ ರಿಪೇರಿ ಮಾಡುತ್ತಿದ್ದವನು. ಅವನಿಂದ ಅವಳಿಗೆ ಬಂದ ಆಸ್ತಿ ಒಂದೇ ಪಾಠ: ಒಂದು ಸಲಕ್ಕೆ ಒಂದೇ ಭಾಗ ಬದಲಿಸು, ಎರಡು ಬದಲಿಸಿದರೆ ಕಳ್ಳ ಯಾರೆಂದು ಗೊತ್ತಾಗುವುದಿಲ್ಲ. ಮದುವೆಯಾದ ಮೂರೇ ವರ್ಷಕ್ಕೆ ಗಂಡ ಬೇರೆ ದಾರಿ ಹಿಡಿದ. ಯಾರಾದರೂ ಕೇಳಿದರೆ, "ಅವ್ನಿಗೆ ರಿಪೇರಿ ಇರ್ಲಿಲ್ಲ ಬಿಡಿ" ಎಂದು ನಕ್ಕುಬಿಡುತ್ತಾಳೆ. ಮಾತು ಕಡಿಮೆ, ಹಟ ಜಾಸ್ತಿ.

ಆ ಹಟಕ್ಕೂ ಒಂದು ಶನಿವಾರ ಪರೀಕ್ಷೆ ಬಂತು. ಬೆಳಿಗ್ಗೆ ಎಂಟಕ್ಕೆ ಬೀದಿಬದಿಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಅವಳು ನೂಡಲ್ಸ್ ಸಾರಿಗೆ ಹಸಿ ಮೊಳಕೆಕಾಳು ಹಾಕಿಕೊಳ್ಳುತ್ತಿದ್ದಳು. ಆಗ ಫೋನು ಗುಣುಗುಟ್ಟಿತು. ಅಂಗಡಿಯವರೆಲ್ಲ ಇರುವ ಗುಂಪಿನಲ್ಲಿ ತ್ವಾನ್ ಎಂಬ ಆಟಗಾರ ಬರೆದಿದ್ದ: "ಲುವಾಕ್ಕ ನಾಮ್ ಅಜ್ಜಿ ಅಂಗಡಿಗೆ ಉಳುವ ಕೋಣ ಕಟ್ಟಿದಾಳೆ. ಎಲ್ರೂ ಹುಷಾರು."

ವರ್ಷಗಟ್ಟಲೆ ಹಗಲೂ ರಾತ್ರಿ ಡಿಜಿಟಲ್ ನಾಣ್ಯ ಅಗೆದು ಸುಸ್ತಾದ ಗ್ರಾಫಿಕ್ಸ್ ಕಾರ್ಡನ್ನು ಒರೆಸಿ, ಹೊಳಪು ಕೊಟ್ಟು, ಒಳ್ಳೆಯದೆಂದು ಮಾರುವವರಿದ್ದಾರೆ. ಅಂಥ ಕಾರ್ಡಿಗೆ ಅಲ್ಲಿ ಉಳುವ ಕೋಣ ಎನ್ನುತ್ತಾರೆ. ಗೊತ್ತಿದ್ದೂ ಕೋಣ ಮಾರಿದವಳು ಎಂಬ ಹೆಸರು ಬಂದರೆ ಆ ಊರಿನಲ್ಲಿ ಮತ್ತೆ ಯಾರೂ ಬಾಗಿಲು ತೆರೆಯುವುದಿಲ್ಲ. ಹದಿನಾರು ವರ್ಷ ಬೆವರು ಸುರಿಸಿ ಗಳಿಸಿದ ಹೆಸರಿಗೆ ಒಂದು ಸಾಲಿನಲ್ಲಿ ಮಸಿ ಬಳಿದಿದ್ದ ಹುಡುಗ. ಲುವಾ ಬಟ್ಟಲು ಅಲ್ಲೇ ಬಿಟ್ಟು ಎದ್ದಳು.

ನಾಮ್ ಅಜ್ಜಿಯ ಅಂಗಡಿಯಲ್ಲಿ ಮೂವತ್ತು ಯಂತ್ರಗಳು. ತ್ವಾನ್ ಮತ್ತು ಅವನ ನಾಲ್ಕು ಗೆಳೆಯರು ಅಂಗಡಿಯ ತಂಡ. ಅಂದು ಸಂಜೆ ನಾಲ್ಕಕ್ಕೆ ಕಾಲುವೆಯಾಚೆಯ ಅಂಗಡಿಯ ತಂಡದ ಜೊತೆ ಪಂದ್ಯ. ತ್ವಾನ್ ಕೂರುವುದು ಏಳನೇ ನಂಬರಿನಲ್ಲಿ. ಅದರ ಕಾರ್ಡನ್ನು ಹೋದ ವರ್ಷ ಲುವಾನೇ ಆರಿಸಿ ತಂದಿದ್ದಳು.

"ಬಂದ್ಲು ನೋಡಿ ಕೋಣದ ವ್ಯಾಪಾರಿ!" ತ್ವಾನ್ ಕುರ್ಚಿಯಿಂದ ಏಳಲೂ ಇಲ್ಲ. "ಮೊದಲು ಸೆಕೆಂಡಿಗೆ ನೂರ ನಲವತ್ತು ಫ್ರೇಮು. ಇಪ್ಪತ್ತು ನಿಮಿಷ ಆದ್ಮೇಲೆ ಮೂವತ್ತು, ಚಿತ್ರ ತೆವಳುತ್ತೆ. ನಾನು ಗುರಿ ಇಡೋಷ್ಟ್ರಲ್ಲಿ ಎದುರಿಗಿದ್ದೋನು ನನ್ನ ತಿಥಿ ಮಾಡಿರ್ತಾನೆ!"

"ಏಳು, ಜಾಗ ಬಿಡು" ಎಂದಳು ಲುವಾ.

ಅಜ್ಜಿ ಐಸ್ ಕಾಫಿ ತಂದಿಟ್ಟಳು. ಕೆಟ್ಟವಳಲ್ಲ, ಜಗಳಕ್ಕೆ ಹೆದರುವವಳು. "ಯಾಕಮ್ಮಾ ರಂಪ? ಬೇರೆ ಕಾರ್ಡ್ ಹಾಕ್ಬಿಡು, ಮಾತು ಮುಗೀತು."

"ಹಾಕಿದ್ರೆ ಕೋಣ ಕಟ್ಟಿದ್ದು ನಾನೇ ಅಂತ ಒಪ್ಕೊಂಡ ಹಾಗೆ ಅಜ್ಜಿ. ಕಳ್ಳ ಸಿಗೋವರೆಗೂ ನಾನು ಹೋಗಲ್ಲ."

ಏಳರ ಕಾರ್ಡ್ ತೆಗೆದು ಹನ್ನೆರಡನೇ ಯಂತ್ರಕ್ಕೆ ಹಾಕಿದಳು, ಹನ್ನೆರಡರದ್ದನ್ನು ಏಳಕ್ಕೆ. ಎರಡರಲ್ಲೂ ಒಂದೇ ಆಟ ಹಚ್ಚಿ ಎದುರಿಗೆ ಕೂತಳು. ಮುಕ್ಕಾಲು ಗಂಟೆ ಕಳೆಯಿತು. ಅಪವಾದ ಹೊತ್ತ ಕಾರ್ಡ್ ಹನ್ನೆರಡರಲ್ಲಿ ಕುದುರೆಯ ಹಾಗೆ ಓಡುತ್ತಿತ್ತು. ಏಳರಲ್ಲಿ ಒಳ್ಳೆಯ ಕಾರ್ಡೂ ಮೂವತ್ತಕ್ಕೆ ಕುಸಿದಿತ್ತು.

"ನೋಡಿದ್ಯಾ?"

ತ್ವಾನ್ ಸೋಲೊಪ್ಪುವ ಜಾತಿಯಲ್ಲ. "ಹಾಗಾದ್ರೆ ಸರ್ವರ್ರು ಹಾಳಾಗಿರುತ್ತೆ."

"ಮೂವತ್ತಕ್ಕೂ ಒಂದೇ ಸರ್ವರ್ ಕಣಪ್ಪಾ. ಮಿಕ್ಕ ಇಪ್ಪತ್ತೊಂಬತ್ತು ಯಾಕೆ ಚೆನ್ನಾಗಿವೆ?"

ಅವನು ಮುಖ ತಿರುಗಿಸಿ ಗೆಳೆಯರ ಕಡೆ ಹೋದ.

ಈಗ ಏಳರ ಪರದೆಯ ಮೂಲೆಯಲ್ಲಿ ಅಂಕಿಗಳನ್ನು ಹಾಕಿ ನೋಡಿದಳು. ಕಾರ್ಡ್ ಅರ್ಧ ಕೆಲಸವನ್ನೂ ಮಾಡುತ್ತಿರಲಿಲ್ಲ, ಕೈಕಟ್ಟಿ ಕಾಯುತ್ತಿತ್ತು. ಅದಕ್ಕೆ ಕೆಲಸ ಹಂಚಬೇಕಾದ ಪ್ರೊಸೆಸರ್ ತೊಂಬತ್ತೇಳು ಡಿಗ್ರಿ ಕಾದು, ಜೀವ ಉಳಿಸಿಕೊಳ್ಳಲು ತನ್ನ ವೇಗವನ್ನು ಕಾಲು ಭಾಗಕ್ಕೆ ಇಳಿಸಿಕೊಂಡಿತ್ತು. ಪ್ರೊಸೆಸರ್ ಮೇಲಿನ ಫ್ಯಾನ್ ಮಾತ್ರ ಭರ್ರೆಂದು ತಿರುಗುತ್ತಲೇ ಇತ್ತು. ಮೂರು ವಾರದ ಹಿಂದೆ ತಾನೇ ಬ್ಲೋವರ್ ಹಿಡಿದು ಧೂಳು ಊದಿದ್ದೆನಲ್ಲ, ಅಲ್ಲೇನಿರುತ್ತದೆ ಎಂದು ಅವಳು ಆ ಕಡೆ ನೋಡಿರಲೇ ಇಲ್ಲ. ಇಷ್ಟು ಹೊತ್ತು ವ್ಯರ್ಥವಾಗಿದ್ದಕ್ಕೆ ತನ್ನನ್ನೇ ಬೈದುಕೊಂಡಳು.

ಫ್ಯಾನ್ ಬಿಚ್ಚಿದಳು. ಕೆಳಗೆ ಕಾವು ಹೊರಹಾಕುವ ಲೋಹದ ರೆಕ್ಕೆಗಳ ಸಂದಿನಲ್ಲಿ ಧೂಳಿರಲಿಲ್ಲ. ಕಂದು ಬಣ್ಣದ ಅಂಟು ಮೆತ್ತಿಕೊಂಡು ಗಾಳಿಯ ದಾರಿಯನ್ನೇ ಮುಚ್ಚಿತ್ತು. ಊದಿದರೆ ಹೋಗುವಂಥದ್ದಲ್ಲ. ಬೆರಳಿಗೆ ಹಚ್ಚಿಕೊಂಡು ಮೂಸಿದಳು. ಊದುಬತ್ತಿಯ ವಾಸನೆ.

ನಿಧಾನವಾಗಿ ತಲೆ ತಿರುಗಿಸಿದಳು. ಏಳನೇ ಯಂತ್ರದ ಪಕ್ಕಕ್ಕೇ, ನೆಲದ ಮೇಲೆ, ಬಾಗಿಲಿಗೆ ಮುಖ ಮಾಡಿ ಕೆಂಪು ಗೂಡು. ಒಳಗೆ ಸಂಪತ್ತಿನ ದೇವರು, ಜೊತೆಗೆ ಡೊಳ್ಳು ಹೊಟ್ಟೆಯ ನೆಲದ ದೇವರು. ದಿನಕ್ಕೆ ಮೂರು ಹೊತ್ತು ಐದೈದು ಕಡ್ಡಿ, ಡೊಳ್ಳು ಹೊಟ್ಟೆಯವನಿಗೆ ಕಾಫಿಯ ಜೊತೆ ಹಚ್ಚಿದ ಸಿಗರೇಟು ಬೇರೆ.

"ಅಜ್ಜೀ, ಈ ಯಂತ್ರ ಮೊದಲು ಗೋಡೆ ಕಡೆ ಇತ್ತಲ್ಲ?"

"ಹೊಸ ವರ್ಷದಲ್ಲಿ ನಾನೇ ಈ ಕಡೆ ಸರಿಸ್ದೆ." ಅಜ್ಜಿಯ ಮುಖ ಅರಳಿತು. "ಇದ್ರಲ್ಲಿ ಕೂತು ತ್ವಾನ್ ಮೂರು ಪಂದ್ಯ ಗೆದ್ದ. ಅದೃಷ್ಟದ ಯಂತ್ರ ದೇವರ ಮಗ್ಗುಲಲ್ಲೇ ಇರ್ಲಿ ಅಂತ."

ಲುವಾ ಅಂಟು ತೊಳೆದು, ಹಳೆಯ ಕಾರ್ಡನ್ನೇ ಮರಳಿ ಹಾಕಿ, ಸರಿಯಾಯಿತು ಎಂದು ಕೈತೊಳೆದುಕೊಂಡು ಹೋಗಬಹುದಿತ್ತು. ಆದರೆ ಕೆಲವೇ ತಿಂಗಳಲ್ಲಿ ಮತ್ತೆ ಅಂಟು, ಮತ್ತೆ ಕೋಣದ ಮಾತು. ಅಜ್ಜಿಯ ಎದುರು ದೇವರ ಹೊಗೆಯದೇ ತಪ್ಪು ಅನ್ನುವುದೂ ಸಣ್ಣ ವಿಷಯವಲ್ಲ. ಹೆದರಿಕೆಯಾಯಿತು ಅವಳಿಗೆ. ಹೆದರಿಕೊಂಡೇ ಹೇಳಿದಳು.

ಅಜ್ಜಿಯ ಮುಖ ಗಂಟಿಕ್ಕಿತು. "ನನ್ನ ದೇವರು ನನ್ನ ಅಂಗಡಿನ ಹಾಳ್ಮಾಡ್ತಾನೇನೇ? ನಾಲಿಗೆ ಹಿಡಿದು ಮಾತಾಡು!"

"ಬೈಕೊಳ್ಳಿ ಅಜ್ಜಿ. ಒಂದು ಕೇಳ್ತೀನಿ, ಹೇಳಿ. ಪ್ರತಿ ತಿಂಗಳೂ ಚಕ್ಕೋತದ ಎಲೆ ಕುದಿಸಿದ ನೀರಲ್ಲಿ ಇಬ್ರು ದೇವರಿಗೂ ಸ್ನಾನ ಮಾಡಿಸ್ತೀರಲ್ಲ, ಯಾಕೆ?"

"ಯಾಕೆ ಅಂದ್ರೆ? ಹೊಗೆ ಕೂತು ಮುಖ ಕಪ್ಪಾಗುತ್ತೆ. ತೊಳೀಬೇಡ್ವಾ?"

"ಅದೇ ಹೊಗೇನ ಅದೇ ಮಗ್ಗುಲಲ್ಲಿ ಕೂತು ಇದೂ ಕುಡೀತಾ ಇದೆ. ಇದಕ್ಕೆ ಯಾರು ಸ್ನಾನ ಮಾಡಿಸಿದ್ರು ಅಜ್ಜಿ?" ಲುವಾ ಆ ರೆಕ್ಕೆಗಳ ಲೋಹದ ತುಂಡನ್ನು ಬಿಚ್ಚಿ ಅಜ್ಜಿಯ ಅಂಗೈಯಲ್ಲಿಟ್ಟಳು.

ಅಜ್ಜಿ ಅದನ್ನು ಮೂಸಿದಳು. ಡೊಳ್ಳು ಹೊಟ್ಟೆಯವನ ಕೆನ್ನೆಯನ್ನು ಹೆಬ್ಬೆರಳಿನಿಂದ ಉಜ್ಜಿ ಅದನ್ನೂ ಮೂಸಿದಳು. ಎದ್ದು ಒಳಗೆ ಹೋದಳು. ಬಂದಾಗ ಕೈಯಲ್ಲಿ ದೇವರಿಗೆ ಸ್ನಾನ ಮಾಡಿಸುವ ಬ್ರಷ್ಷಿತ್ತು.

"ಇದು ಮೆತ್ತಗಿದೆ. ತಗೋ."

ಲುವಾ ಸ್ಪಿರಿಟ್ಟಿನಲ್ಲಿ ಅದ್ದಿ ಅದ್ದಿ ಒಂದೊಂದು ರೆಕ್ಕೆಯನ್ನೂ ಉಜ್ಜಿದಳು. ಪ್ರೊಸೆಸರಿಗೆ ಕಾವು ದಾಟಿಸುವ ಹೊಸ ಪೇಸ್ಟ್ ಹಚ್ಚಿದಳು. ಅಪವಾದ ಹೊತ್ತಿದ್ದ ಕಾರ್ಡನ್ನೇ ಮರಳಿ ಏಳಕ್ಕೆ ಹಾಕಿ, ಅಜ್ಜಿಯೂ ಅವಳೂ ಸೇರಿ ಯಂತ್ರವನ್ನು ಗೋಡೆಯ ಕಡೆಗೆ ಸರಿಸಿದರು. ಗೂಡು ಇದ್ದಲ್ಲೇ ಇತ್ತು.

ನಾಲ್ಕಕ್ಕೆ ಪಂದ್ಯ ಶುರುವಾಯಿತು. ಲುವಾ ತ್ವಾನ್‌ನ ಹಿಂದೆ ನಿಂತು ಆಟವನ್ನು ನೋಡಲೇ ಇಲ್ಲ, ಮೂಲೆಯ ಅಂಕಿಗಳನ್ನೇ ನೋಡಿದಳು. ಇಪ್ಪತ್ತು ನಿಮಿಷ: ನೂರ ನಲವತ್ತು. ನಲವತ್ತು ನಿಮಿಷ: ನೂರ ನಲವತ್ತು. ಅರವತ್ತೆಂಟು ಡಿಗ್ರಿ. ಐವತ್ತನೇ ನಿಮಿಷಕ್ಕೆ ತ್ವಾನ್ ತಂಡ ಸೋತಿತು.

ಅವನು ಹೆಡ್‌ಫೋನ್ ಎಸೆದ. "ನಾನು ಹೇಳ್ಲಿಲ್ವಾ, ಆ ಕಾರ್ಡು..."

"ಮುಚ್ಚೋ ಬಾಯಿ!" ಜಗಳಕ್ಕೆ ಹೆದರುವ ನಾಮ್ ಅಜ್ಜಿಯ ದನಿಗೆ ಮೂವತ್ತು ಯಂತ್ರಗಳ ಗದ್ದಲ ನಿಂತಿತು. "ನಾನೂ ಅಂಕಿ ನೋಡ್ತಾ ನಿಂತಿದ್ದೆ. ಯಂತ್ರ ಸೋಲ್ಲಿಲ್ಲ, ಸೋತಿದ್ದು ನೀನು!"

ಲುವಾ ಚೀಲ ಹೆಗಲಿಗೇರಿಸಿ ಹೊರಟಳು. ಕಾಲುವೆಯ ಸೇತುವೆ ಹತ್ತುವಾಗ ಫೋನು ಗುಣುಗುಟ್ಟಿತು. ಅದೇ ಗುಂಪು. ಬರೆಯಲು ಬಾರದ ಅಜ್ಜಿ ದನಿಯಲ್ಲಿ ಹೇಳಿ ಕಳಿಸಿದ್ದಳು.

"ನಾನು ನಾಮ್ ಅಜ್ಜಿ. ಲುವಾ ತಂದ ಕಾರ್ಡು ಕೋಣ ಅಲ್ಲ. ಯಂತ್ರದ ಉಸಿರು ಕಟ್ಟಿಸಿದ್ದು ನನ್ನ ಊದುಬತ್ತಿ, ನನ್ನ ದಡ್ಡತನ. ಇನ್ನು ಅವಳ ಮೇಲೆ ಕೆಟ್ಟ ಮಾತು ಎತ್ತೋರು ನನ್ನ ದೇವರ ಮುಂದೆ ಕೂತು ಎತ್ಲಿ."

ಅವಳು ಸ್ಕೂಟರ್ ನಿಲ್ಲಿಸಿ, ಫೋನನ್ನು ಕಿವಿಗೊತ್ತಿಕೊಂಡು ಇನ್ನೊಂದು ಸಲ ಕೇಳಿದಳು. ಹಿಂದಿನ ಗಾಡಿಗಳವರು ಹಾರ್ನ್ ಹೊಡೆದು ಬೈದರು. ಕಣ್ಣೊರೆಸಿಕೊಂಡು, ಮೂರನೇ ಸಲವೂ ಕೇಳಿಯೇ ಹೊರಟಳು.