ಭುಜ ನೋಡೆನ್ನುತ್ತಿದ್ದ ಮಾಸ್ತರು

ಯಲಬುರ್ಗಾದ ನಮ್ಮ ಸಾಲಿಯ ಪಿ.ಟಿ. ಮಾಸ್ತರು ಬೇಸ್‌ಬಾಲ್ ಕಲಿಸಿದ್ದು ಎರಿಮಣ್ಣು ತುಂಬಿದ ಗೋಣಿಚೀಲಗಳನ್ನೇ ಬೇಸ್‌ಗಳಾಗಿ ಇಟ್ಟು. ಎದುರಾಳಿ ಚೆಂಡು ಒಗೆಯುವಷ್ಟರಲ್ಲಿ ಒಂದು ಚೀಲದಿಂದ ಮುಂದಿನ ಚೀಲಕ್ಕೆ ಓಡಿಬಿಡಬೇಕು. ಅದೇ ಬೇಸ್ ಕದಿಯುವುದು. ನಾವು ಓಡಲು ನಿಂತರೆ ಗೆರೆಯಾಚೆ ಅವರೂ ಬಲಗಾಲಿನ ಹಿಂಬಡ ಎತ್ತಿ ನಿಲ್ಲುತ್ತಿದ್ದರು.

"ಚೆಂಡ ನೋಡಬ್ಯಾಡ, ಒಗಿಯಾವನ ಭುಜ ನೋಡಲೇ!"

ಭುಜ ಅಲುಗಿದ್ದೇ ಓಡು ಎಂದು ಅದರ ಅರ್ಥ. ನಾನು ಓಡಿದರೆ ಹೊಟ್ಟೆ ಮೊದಲು ಚೀಲ ಮುಟ್ಟುತ್ತಿತ್ತು, ನಾನು ಆಮೇಲೆ. ಹಾಗಾಗಿ ಗೆರೆಯಾಚೆ ಕೂತು ಆ ಮಾತನ್ನೇ ಮಾಸ್ತರ ದನಿಯಲ್ಲಿ ಕೂಗುತ್ತಿದ್ದೆ. ಓಡುವವರು ಮೋಸಹೋಗಿ ಓಡಿಬಿಡುತ್ತಿದ್ದರು. "ಬೇಸ್ ಕದಿಯಾಕ ಬರಲಿಲ್ಲ, ನನ್ನ ದನಿ ಕದ್ದಾನ ನೋಡ್ರಿ," ಎಂದು ಮಾಸ್ತರು ನಗುತ್ತಿದ್ದರು.

ಮುಂದೆ ಅವರಿಗೆ ಲಕ್ವಾ ಹೊಡೆಯಿತು. ಬಲಗಡೆಯ ಮೈ ಹೋಯಿತು, ಮಾತೂ ಹೋಯಿತು. ನೋಡಲು ಹೋದಾಗ ಗೋಡೆಯ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದರು.

"ಯಾರು ಬಂದ್ರೂ ಹೀಂಗ ಕುಂದರತಾರ," ಎಂದರು ಅವರ ಹೆಂಡತಿ. "ನೀ ಅವರಂಗ ಮಾತಾಡತಿದ್ದೆಲ್ಲಪಾ, ಒಮ್ಮಿ ಮಾತಾಡು. ಆ ದನಿ ಕೇಳಿ ಭಾಳ ದಿನ ಆತು."

"ಅವರ ಮುಂದನಾ, ಅಮ್ಮಾರ?"

"ಅವರ ಮುಂದನ."

ಗಂಟಲು ಸರಿಮಾಡಿಕೊಂಡು ಕೂಗಿದೆ: "ಚೆಂಡ ನೋಡಬ್ಯಾಡ, ಒಗಿಯಾವನ ಭುಜ ನೋಡಲೇ!"

ಅಮ್ಮಾರು ಬಾಯಿಗೆ ಸೆರಗು ಒತ್ತಿಕೊಂಡರು. ಮಾಸ್ತರು ಮೆಲ್ಲಗೆ ಈ ಕಡೆ ತಿರುಗಿ ತಮ್ಮ ಬಲಗಾಲನ್ನೇ ನೋಡಿದರು. ಅದು ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಎಡಗಾಲಿನ ಹಿಂಬಡ ನೆಲ ಬಿಟ್ಟು ಎದ್ದಿತು.

"ಇನ್ನೊಮ್ಮಿ ಅನ್ನಪಾ," ಎಂದರು ಅಮ್ಮಾರು.

ಅಂದೆ. ಆದರೆ ಈ ಸಲ ಬಾಯಿಂದ ಬಂದದ್ದು ನನ್ನದೇ ದನಿ.