ಟಚಪ್ ಮಾಸ್ತರು ತಿದ್ದಿದ ಕುತ್ತಿಗೆಗಳು

ನಮ್ಮ ಬೀದಿಯ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಂಡವರು ಆಮೇಲೆ ಕನ್ನಡಿ ನೋಡಿಕೊಳ್ಳಲು ಸ್ವಲ್ಪ ಅಂಜುತ್ತಾರೆ. ಫೋಟೋ ಅಷ್ಟು ಚೆನ್ನಾಗಿ ಬಂದಿರುತ್ತದೆ. ಮೊಡವೆ ಮಾಯ, ಸುಕ್ಕು ಮಾಯ, ಎರಡನೇ ಗದ್ದ ಮಾಯ. ನನ್ನ ಪಾಸ್‌ಪೋರ್ಟ್ ಅರ್ಜಿಯ ಫೋಟೋ ನೋಡಿ ಕೌಂಟರಿನಲ್ಲಿದ್ದಾತ, "ನಿಮ್ಮ ತಮ್ಮನ್ನ ಯಾಕೆ ಕರ್ಕೊಂಡು ಬಂದಿಲ್ಲ?" ಎಂದು ಕೇಳಿದ್ದ. ಸ್ಟುಡಿಯೋದ ಯಜಮಾನರಿಗೆ ಟಚಪ್ ಮಾಸ್ತರು ಎಂಬ ಹೆಸರು ಬಿದ್ದದ್ದು ಹೀಗೆ. ಅವರಿಗೂ ಆ ಹೆಸರಿನ ಮೇಲೆ ಸಿಟ್ಟಿಲ್ಲ. "ದೇವರು ಅವಸರದಲ್ಲಿ ಮಾಡಿರ್ತಾನೆ. ನಾವು ನಿಧಾನವಾಗಿ ನೋಡಿ ಸರಿಮಾಡ್ತೀವಿ" ಎನ್ನುತ್ತಾರೆ, ದೇವರು ತಮ್ಮ ಕೈಕೆಳಗಿನ ನೌಕರ ಎಂಬ ಧಾಟಿಯಲ್ಲಿ.

ಅವರ ಕೈಚಳಕವೆಲ್ಲ ಮೆರೆಯುವುದು ಕುತ್ತಿಗೆಯಲ್ಲಿ. ಅದಕ್ಕೆ ಕಾರಣ ಅವರ ಮನೆತನ. ಅವರ ತಂದೆಗೂ ಸೋದರತ್ತೆಗೂ ಗಂಟಲ ಬುಡದಲ್ಲಿ ಒಂದೊಂದು ಉಬ್ಬು ಇತ್ತು. ಚಿಕ್ಕಂದಿನಲ್ಲೇ ಅದು ಮಾಸ್ತರರ ಕಲಾಪ್ರಜ್ಞೆಗೆ ಚುಚ್ಚುತ್ತಿತ್ತು. ಕಸುಬು ಕಲಿತು ಕೈಗೆ ಬ್ರಷ್ ಬಂದದ್ದೇ ತಡ, ಮನೆಯ ಅಷ್ಟೂ ನೆಗೆಟಿವ್‌ಗಳನ್ನು ಮುಂದೆ ಹರಡಿಕೊಂಡು ವಂಶದ ಕುತ್ತಿಗೆಗಳನ್ನೆಲ್ಲ ನೆಟ್ಟಗೆ ಮಾಡಿಬಿಟ್ಟರು. ತಂದೆ ತೀರಿಕೊಂಡದ್ದು ದನಿ ಬಿದ್ದುಹೋಗಿ, ನುಂಗಲಾಗದೆ ಒದ್ದಾಡಿ. ಆದರೆ ಹಜಾರದ ಗೋಡೆಯ ಮೇಲೆ ಅವರು ಈಗಲೂ ಹಂಸದ ಹಾಗೆ ಕತ್ತೆತ್ತಿ ನಗುತ್ತಿದ್ದಾರೆ.

ತಮ್ಮ ಕೊರಳಲ್ಲೇ ಉಬ್ಬು ಮೂಡಿದಾಗ ಮಾಸ್ತರು ಅದನ್ನು ಕಲಾವಿದನ ಕಣ್ಣಿನಿಂದ ನೋಡಿದರು. ಎಂದರೆ, ನೋಡಲಿಲ್ಲ. ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ಕಂಡದ್ದನ್ನು ಮನಸ್ಸಿನಲ್ಲೇ ಅಳಿಸಿ ಮುಂದೆ ಹೋಗುತ್ತಿದ್ದರು.

"ರೀ, ಕುತ್ತಿಗೆ ನೋಡ್ಕೊಂಡ್ರಾ?" ಎಂದರು ಹೆಂಡತಿ.

"ಲೈಟಿಂಗು ಕಣೇ. ಬಚ್ಚಲುಮನೆ ಬಲ್ಬು ಸೈಡಿಂದ ಬೀಳುತ್ತೆ."

"ಹಾಗಾದ್ರೆ ಅಡುಗೆಮನೆಗೆ ಬನ್ನಿ. ಅಲ್ಲಿ ಮೇಲಿಂದ ಬೀಳುತ್ತೆ."

ಅಡುಗೆಮನೆಯಲ್ಲೂ ಉಬ್ಬು ಇತ್ತು. ಬಾಗಿಲಾಚೆಯ ಬಿಸಿಲಲ್ಲೂ ಇತ್ತು. ಹೆಂಡತಿ ಕೈ ಹಿಡಿದು ಎಳೆದುಕೊಂಡು ಹೋಗಿ ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿದರು.

ಥೈರಾಯ್ಡ್ ಕ್ಯಾನ್ಸರ್ ಎಂದಾಯಿತು. ಅಷ್ಟರಲ್ಲಿ ಅದು ಕತ್ತಿನ ಪಕ್ಕದ ಗ್ರಂಥಿಗಳಿಗೂ ಹಬ್ಬಿತ್ತು. ದೊಡ್ಡ ಆಪರೇಷನ್ನೇ ಆಯಿತು. ಡಾಕ್ಟರಮ್ಮ ಅವರ ರಕ್ತವನ್ನು ಜೀನ್ ಪರೀಕ್ಷೆಗೂ ಕಳಿಸಿ, ಮುಂದಿನ ಸಲ ಬರುವಾಗ ಮನೆಯವರ ಹಳೆಯ ಫೋಟೋ ಇದ್ದರೆ ತನ್ನಿ ಎಂದರು. ಫೋಟೋ ತನ್ನಿ ಎಂದು ಮಾಸ್ತರರಿಗೆ ಎರಡು ಸಲ ಹೇಳಬೇಕೇ? ಕುತ್ತಿಗೆಗೆ ಪಟ್ಟಿ, ಕಂಕುಳಲ್ಲಿ ಆಲ್ಬಮ್ ಇಟ್ಟುಕೊಂಡು ಹೊರಟರು.

"ನೆಗೆಟಿವ್ ಮೇಲೆ ಗೀರು ಬಿದ್ದಿದ್ರೆ ಅದರಿಂದ ತೆಗೆದ ಕಾಪಿಗೂ ಗೀರು ಬರುತ್ತೆ ಅಲ್ವಾ?" ಎಂದು ಡಾಕ್ಟರಮ್ಮ ಅವರ ಕಸುಬಿನ ದಾರಿಯಲ್ಲೇ ಶುರು ಮಾಡಿದರು. "ಜೀನ್ ಅಂದ್ರೆ ನೆಗೆಟಿವ್ ಅಂತ ಇಟ್ಕೊಳ್ಳಿ. ಅಪ್ಪನಿಂದ ಒಂದು, ಅಮ್ಮನಿಂದ ಒಂದು. ನಿಮಗೆ ಬಂದದ್ದರಲ್ಲಿ ಒಂದಕ್ಕೆ ಗೀರಿದೆ. ನಿಮಗೊಬ್ಬ ತಂಗಿ ಇದ್ದಾರೆ ಅಂದ್ರಲ್ಲ, ಅವರಿಗೂ ಅದೇ ಬಂದಿರಬಹುದು, ಒಳ್ಳೇದೂ ಬಂದಿರಬಹುದು. ಅರ್ಧಕ್ಕರ್ಧ. ಇದ್ರೆ, ಹಬ್ಬೋಕೆ ಮೊದಲೇ ತೆಗೀಬೇಕು. ಗಂಟಲಲ್ಲಿ ಉಬ್ಬು ಯಾರಿಗಿತ್ತು, ತೋರಿಸಿ."

ಡಾಕ್ಟರಮ್ಮ ಆಲ್ಬಮ್ ತಿರುವಿ ಹಾಕಿ, "ಎಲ್ಲರ ಕುತ್ತಿಗೆನೂ ಚೆನ್ನಾಗೇ ಇದೆಯಲ್ಲ?" ಎಂದರು.

"ಇರಲೇಬೇಕಲ್ಲ ಮತ್ತೆ!" ಮಾಸ್ತರು ಬೀಗಿದರು. "ಅಪ್ಪನಿಗೆ ಇಲ್ಲಿ ಉಬ್ಬಿತ್ತು. ತೆಗೆದಾಯ್ತು."

"ಯಾರು ಮಾಡಿದ್ದು ಆಪರೇಷನ್ನು?"

"ನಾನೇ."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅತ್ತೆಗೂ ನಾನೇ ಮಾಡಿದ್ದು. ಇಬ್ಬರಿಗೂ ಬ್ರಷ್‌ನಲ್ಲೇ. ನೋಡಿ, ಗುರುತೇ ಇಲ್ಲ."

"ಹೌದು ಯಜಮಾನ್ರೇ, ಗುರುತೇ ಇಲ್ಲ. ಅದೇ ಈಗ ತೊಂದರೆ. ಇರಲಿ, ತಂಗಿ ಕುತ್ತಿಗೆ ಹೇಗಿದೆ?"

ಮಾಸ್ತರು ಆಲ್ಬಮ್ ಮುಚ್ಚಿದರು. ತಂಗಿಯ ಕುತ್ತಿಗೆ ಅವರ ಜೀವಮಾನದ ಅತ್ಯುತ್ತಮ ಕೃತಿ.

ತಂಗಿ ಆಭರಣದಂಗಡಿಯ ಕೌಂಟರಿನಲ್ಲಿದ್ದಾರೆ. ಸರಗಳನ್ನು ತಮ್ಮ ಕೊರಳಿಗೇ ಹಾಕಿ ಗಿರಾಕಿಗಳಿಗೆ ತೋರಿಸುವುದು ಅವರ ಕೆಲಸ. ಅವರು ಸರ ತೊಟ್ಟ ಫೋಟೋವನ್ನು ಮಾಸ್ತರು ತೆಗೆದು, ಕಂಪ್ಯೂಟರಿನಲ್ಲಿ ತಿದ್ದಿ ತೀಡಿ, ಆಳೆತ್ತರ ಮಾಡಿಸಿ ಕೊಟ್ಟಿದ್ದರು. ಅದು ಅಂಗಡಿಯ ಗೋಡೆ ಏರಿದ ಮೇಲೆ ತಂಗಿ ನಡೆಯುವ ಠೀವಿಯೇ ಬದಲಾಗಿತ್ತು. ಈಗೀಗ ಮಾತ್ರ, ಯಾಕೋ, ಕೊರಳಿಡೀ ಮುಚ್ಚುವ ಅಗಲ ಪಟ್ಟಿಯ ಸರಗಳೇ ಅವರಿಗೆ ಇಷ್ಟ.

ಆಸ್ಪತ್ರೆಯಿಂದ ಮಾಸ್ತರು ಸೀದಾ ತಂಗಿಯ ಮನೆಗೆ ಹೋಗಿ ವಿಷಯ ಹೇಳಿದರು.

"ನನಗ್ಯಾಕೆ ಪರೀಕ್ಷೆ? ನನ್ನ ಕುತ್ತಿಗೆಗೇನಾಗಿದೆ? ಅಂಗಡಿಗೆ ಬಂದೋರೆಲ್ಲ ಆ ಫೋಟೋಗೆ ಕೈ ಮುಗಿಯೋದೊಂದು ಬಾಕಿ."

"ಅದು ಫೋಟೋ ಕಣಮ್ಮ."

"ಫೋಟೋ ನಂದೇ ತಾನೇ?"

"ನಿಂದೇ. ಅದರಲ್ಲಿ ಸ್ವಲ್ಪ... ನನ್ನ ಕೆಲಸಾನೂ ಇದೆ."

"ನಿನಗೆ ಕಾಯಿಲೆ ಬಂತು ಅಂತ ಮನೆ ಮನೆಗೆ ಹಂಚೋಕೆ ಹೊರಟ್ಯಾ ಅಣ್ಣ? ನೀನು ಅಪ್ಪನ ಪಡಿಯಚ್ಚು. ನಾನು ಅಮ್ಮನ ಹೋಲಿಕೆ. ಮೂಗು ನೋಡು ಬೇಕಾದ್ರೆ."

"ಮೂಗು ನೋಡಿ ಜೀನ್ ಹೇಳೋಕಾಗಲ್ವಂತೆ."

"ನನ್ನ ಮೂಗಿನ ಸುದ್ದಿಗೆ ಬರಬೇಡ!"

ಫೋಟೋದಲ್ಲಿ ಮೂಗನ್ನೂ ಮಾಸ್ತರು ಒಂದಿಷ್ಟು ತಿದ್ದಿದ್ದರು. ಆ ಮಾತನ್ನು ಅಲ್ಲಿ ಎತ್ತದಿರುವಷ್ಟು ಬುದ್ಧಿ ಅವರಿಗಿತ್ತು.

ಮನೆಗೆ ಬಂದು ಉಣ್ಣದೆ ಕೂತರು. ಅಪ್ಪ ನೀರು ನುಂಗಲಾಗದೆ ಒದ್ದಾಡಿದ್ದು ಕಣ್ಣ ಮುಂದೆ ಬಂತು. ಆ ನೆನಪನ್ನು ಅಳಿಸುವ ಬ್ರಷ್ ಅವರ ಬಳಿ ಇರಲಿಲ್ಲ. ಕಡೆಗೆ ಎದ್ದು ಸ್ಟುಡಿಯೋಗೆ ಹೋದರು. ಹಿಂದಿನ ಕಾಲದಲ್ಲಿ ನೆಗೆಟಿವ್ ಮೇಲೇ ಬ್ರಷ್ ಆಡಿಸುತ್ತಿದ್ದರಿಂದ ಅಸಲಿ ಮುಖಗಳು ಉಳಿದಿಲ್ಲ. ಕಂಪ್ಯೂಟರ್ ಹಾಗಲ್ಲ, ತಿದ್ದಿದ್ದನ್ನೂ ಇಡುತ್ತದೆ, ತಿದ್ದದೇ ಇದ್ದದ್ದನ್ನೂ ಇಡುತ್ತದೆ. ತಂಗಿಯ ಅಸಲಿ ಫೋಟೋ ಪರದೆಯ ಮೇಲೆ ಬಂತು. ಗಂಟಲ ಬುಡದಲ್ಲಿ, ಸರದ ಪದಕಕ್ಕೂ ತುಸು ಮೇಲೆ, ಉಬ್ಬು.

ತಿದ್ದದ ಫೋಟೋ ಅದುವರೆಗೆ ಆ ಸ್ಟುಡಿಯೋದ ಹೊಸಿಲು ದಾಟಿರಲಿಲ್ಲ. ಮಾಸ್ತರರ ಕೈ ತಾನಾಗಿಯೇ ಮೌಸ್‌ನತ್ತ ಸರಿಯಿತು. ಬೆನ್ನ ಹಿಂದೆಯೇ ಬಂದು ನಿಂತಿದ್ದ ಹೆಂಡತಿ ಅದರ ಮೇಲೊಂದು ಏಟು ಕೊಟ್ಟರು.

"ಕಣ್ಣಿನ ಕೆಳಗಿನ ಕಪ್ಪೊಂದು ಕಣೇ..."

"ಕಪ್ಪೂ ಇರಲಿ. ಕೈ ತೆಗೀರಿ."

ಮರುದಿನ ಆಳೆತ್ತರದ ಪ್ರಿಂಟನ್ನು ಸುರುಳಿ ಸುತ್ತಿಕೊಂಡು ಅಂಗಡಿಗೆ ಹೋದರು. ತಂಗಿ ಒಬ್ಬ ಹೆಂಗಸಿಗೆ ಸರ ತೋರಿಸುತ್ತಿದ್ದರು. ಮಾಸ್ತರು ಗಾಜಿನ ಕೌಂಟರಿನ ಮೇಲೆ ಸುರುಳಿ ಬಿಚ್ಚಿದರು.

"ಯಾರೋ ಇದು?"

"ನೀನೇ."

"ನಾನಾ? ನಾನು ಹೀಗಿದ್ದೀನಾ? ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವಾ ಅಣ್ಣ!"

ಸರ ಕೊಳ್ಳಲು ಬಂದಾಕೆ ಕೌಂಟರಿನ ಮೇಲಿನ ಫೋಟೋ ನೋಡಿದರು, ತಂಗಿಯನ್ನು ನೋಡಿದರು. ಆಮೇಲೆ ಸಹಾಯ ಮಾಡುವ ಒಳ್ಳೆಯ ಮನಸ್ಸಿನಿಂದ, "ಇಲ್ಲ ಇಲ್ಲ, ಇದರಲ್ಲಿ ಥೇಟ್ ನೀವೇ ಇದ್ದೀರಿ. ಗೋಡೆ ಮೇಲಿರೋರು ಯಾರು?" ಎಂದರು.

ತಂಗಿ ಪಟ್ಟಿಸರದ ಕೊಂಡಿ ಬಿಚ್ಚಿ ಪಕ್ಕಕ್ಕಿಟ್ಟರು. ಗಿರಾಕಿಗಳ ಕನ್ನಡಿಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಗಂಟಲ ಮೇಲೆ ಬೆರಳಿಟ್ಟು ಉಗುಳು ನುಂಗಿದರು. ಬೆರಳಡಿಯಲ್ಲಿ ಏನೋ ಮೇಲಕ್ಕೆ ಹೋಗಿ ಕೆಳಗಿಳಿಯಿತು.

"ಇದು ಆವಾಗಿಂದಲೂ ಇತ್ತಾ ಅಣ್ಣ?"

"ಇತ್ತು."

"ನೀನು ನೋಡಿದ್ದೆ?"

"ನೋಡಿದ್ದಕ್ಕೇ ಅಲ್ವೇನಮ್ಮ ಅಳಿಸಿದ್ದು."

ತಂಗಿ ಬೈಯಲು ಶುರುಮಾಡಿದ್ದು ಬಸ್ಸು ಹತ್ತಿದ ಮೇಲೆ. ಆಸ್ಪತ್ರೆಯ ಬಾಗಿಲವರೆಗೂ ಒಂದು ಬೈಗುಳ ಎರಡನೇ ಸಲ ಬರಲಿಲ್ಲ. ಮಾಸ್ತರು ಎಲ್ಲಕ್ಕೂ ತಲೆಯಾಡಿಸಿದರು. ಬಂದಳಲ್ಲ, ಅಷ್ಟು ಸಾಕಿತ್ತು.

ತಂಗಿಯ ರಕ್ತದಲ್ಲೂ ಅದೇ ಗೀರು. ಅವರಿಗೂ ಆಪರೇಷನ್ ಆಯಿತು. ತೆಗೆದ ಗ್ರಂಥಿಯ ವರದಿ ಬರುವವರೆಗೆ ಮಾಸ್ತರು ಸ್ಟುಡಿಯೋ ಬಾಗಿಲು ತೆರೆಯಲಿಲ್ಲ. ವಿಚಾರಿಸಲು ಬಂದವರ ಮೇಲೆಲ್ಲ ರೇಗಿದರು. ವರದಿಯ ದಿನ ಡಾಕ್ಟರಮ್ಮನ ಕೋಣೆಯಲ್ಲಿ ಕುರ್ಚಿ ಖಾಲಿ ಇದ್ದರೂ ನಿಂತೇ ಇದ್ದರು.

"ಗಂಟು ಥೈರಾಯ್ಡ್ ಒಳಗೇ ಇತ್ತು. ಎಲ್ಲೂ ಹಬ್ಬಿಲ್ಲ" ಎಂದರು ಡಾಕ್ಟರಮ್ಮ. "ದಿನಾ ಮಾತ್ರೆ ತಗೋಬೇಕು, ಆಗಾಗ ಬಂದು ರಕ್ತ ಕೊಡಬೇಕು. ಇನ್ನೂ ತಡ ಮಾಡಿದ್ರೆ ಈ ಮಾತು ಹೇಳೋಕಾಗ್ತಿರಲಿಲ್ಲ."

ಮಾಸ್ತರು ಆಗ ಕೂತರು. ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಮುಖ ಹೊರಗೆ ಬಂದಾಗ ಹಳೆಯ ಕಳೆ ಮರಳಿತ್ತು.

"ಅಂದ್ರೆ ಡಾಕ್ಟ್ರೇ, ಮೊದಲು ಕಂಡುಹಿಡಿದದ್ದು ನಾನೇ ಅಂತ ಆಯ್ತು."

"ಹೂಂ, ಕಂಡುಹಿಡಿದವನೂ ನೀನೇ, ಮುಚ್ಚಿಹಾಕಿದವನೂ ನೀನೇ" ಎಂದರು ತಂಗಿ, ಇನ್ನೂ ಸರಿಹೋಗದ ಕೀರಲು ದನಿಯಲ್ಲಿ. "ಸೋದರತ್ತೆ ಮಗ ಭಾವ ಇದ್ದಾರಲ್ಲ, ಅವರ ಫೋಟೋನೂ ನೀನೇ ತಾನೇ ತೆಗೆದದ್ದು?"

ಮಾಸ್ತರು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತೇ ಅತ್ತೆಯ ಮಗನಿಗೆ ಫೋನ್ ಮಾಡಿದರು. ಅವರು ದೊಡ್ಡ ಹುದ್ದೆಯಿಂದ ನಿವೃತ್ತರಾಗಿ ಮನೆಯೊಳಗೂ ಟೈ ಕಟ್ಟಿಕೊಂಡಿರುವವರು. "ನನ್ನ ಕುತ್ತಿಗೆ ವಿಚಾರ ನಿನಗ್ಯಾಕಯ್ಯಾ?" ಎಂದು ಫೋನ್ ಇಟ್ಟುಬಿಟ್ಟರು. ಮಾಸ್ತರು ಮತ್ತೆ ಮಾಡಿದರು.

"ಭಾವ, ನಿಮ್ಮ ನಿವೃತ್ತಿ ಸಮಾರಂಭದ ಫೋಟೋ ಇದೆಯಲ್ಲ, ಅದರ ಅಸಲಿ ನನ್ನ ಹತ್ತಿರ ಇದೆ."

ಆ ಕಡೆ ಕೋಣೆಯ ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ತಗ್ಗಿದ ದನಿಯಲ್ಲಿ, "ಎಷ್ಟು ಕೊಡಬೇಕು?" ಎಂದರು ಭಾವ.

"ಏನೂ ಬೇಡ. ಬೆಳಿಗ್ಗೆ ಆಸ್ಪತ್ರೆಗೆ ಬನ್ನಿ" ಎಂದರು ಮಾಸ್ತರು. "ಟೈ ಬಿಚ್ಚಿಟ್ಟು ಬನ್ನಿ."