ಮೊದಲ ಅಳತೆ

ಚಳ್ಳಕೆರೆಯ ಆ ರೇಡಿಯೊ ರಿಪೇರಿಯವರು ಯಾವುದನ್ನೂ ತಾವು ಪರೀಕ್ಷಿಸದೆ ವಾಪಸ್ ಕೊಡುತ್ತಿರಲಿಲ್ಲ. ನನ್ನ ಕಣ್ಣಿಗೆ ಅಂಕಿ ಕಾಣದೆಂದು ಬಿಪಿ ಮಿಷನ್ನಿಗೆ ಬ್ಲೂಟೂತ್ ಕೂರಿಸಿ, ಪಕ್ಕದಲ್ಲಿಟ್ಟ ನನ್ನ ಫೋನೇ ಅಳತೆಯನ್ನು ಕೂಗಿ ಹೇಳುವಂತೆ ಮಾಡಿದರು.

"ಮೊದ್ಲು ನಂಗೆ, ಆಮೇಲೆ ನಿಮ್ಗೆ," ಎನ್ನುತ್ತ ಅಂಗಿಯ ತೋಳು ಮಡಚಿ ಪಟ್ಟಿ ಸುತ್ತಿಕೊಂಡರು.

ಫೋನು "ನೂರ ತೊಂಬತ್ತು" ಎಂದಿತು.

"ಅಯ್ಯೋ, ಡಾಕ್ಟ್ರತ್ರ ಹೋಗ್ರಪ್ಪ!"

"ಮಿಷನ್ ಮಾತಾಡ್ತು ನೋಡ್ರವ್ವ, ಅಷ್ಟು ಸಾಕು," ಎಂದು ನಕ್ಕರು.

ಎರಡೇ ತಿಂಗಳಿಗೆ ತೀರಿಕೊಂಡರು.

ಈಗ ದಿನಾ ಫೋನು ನನ್ನ ಬಿಪಿ ಸರಿಯಿದೆ ಎಂದಾಗಲೆಲ್ಲ ಸಂತೋಷ ಉಕ್ಕುತ್ತದೆ. ಮರಿಮಗನನ್ನು ಎತ್ತಿಕೊಂಡು ಓಣಿ ಸುತ್ತುತ್ತೇನೆ. ಮೊನ್ನೆ ಮೊಮ್ಮಗಳು ಫೋನಿನಲ್ಲಿದ್ದ ಹಳೆಯ ಅಳತೆಗಳನ್ನು ಅಳಿಸಲು ಕೂತಳು.

"ಮೊದಲ್ನೇದು ಇರ್ಲಿ ಕಣೇ," ಎಂದೆ. "ಅದು ನಂದಲ್ಲ."